ಕಣಗಳ ಕೊನೆಯ ನಿಲ್ದಾಣ ಕಂಡ ಬ್ರಾಗ್

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ತರುವ ಗೂಡ್ಸ್ ರೈಲನ್ನು ನೀವು ನೋಡಿರಬಹುದು. ಅದು ಕೊಪ್ಪಳ, ಹೊಸಪೇಟೆಗಳನ್ನು ದಾಟಿ ಬರುತ್ತದೆ. ದಾರಿಯಲ್ಲಿ ಸ್ವಲ್ಪ ಪುಡಿ ಉದುರಿದರೂ ಹೊರೆಯೆಲ್ಲ ಇಳಿಯುವುದು ತೋರಣಗಲ್ಲಿನಲ್ಲೇ. ಮುಂದಿನ ಬಳ್ಳಾರಿಗೆ ಅದು ಹೋಗುವುದಿಲ್ಲ. ಕಣ್ಣಿಗೆ ಕಾಣದ ಕೆಲವು ಕಣಗಳೂ ಹೀಗೆಯೇ ತಮ್ಮ ಶಕ್ತಿಯನ್ನು ಇಳಿಸುತ್ತವೆ. ಇದನ್ನು ಕಂಡುಹಿಡಿದವರು ವಿಲಿಯಂ ಹೆನ್ರಿ ಬ್ರಾಗ್.

ಬ್ರಾಗ್ 1862ರ ಜುಲೈ 2ರಂದು ಇಂಗ್ಲೆಂಡಿನ ಒಂದು ರೈತ ಕುಟುಂಬದಲ್ಲಿ ಜನಿಸಿದರು. ಏಳನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು, ತಂದೆಯ ಸಹೋದರನ ಮನೆಯಲ್ಲಿ ಬೆಳೆದರು. ಕೇಂಬ್ರಿಜ್‌ನಲ್ಲಿ ಗಣಿತ ಓದಿ, 1886ರಲ್ಲಿ ಆಸ್ಟ್ರೇಲಿಯದ ಅಡಿಲೇಡ್ ವಿಶ್ವವಿದ್ಯಾನಿಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. ಅಲ್ಲಿ ಭೌತವಿಜ್ಞಾನವನ್ನೂ ಕಲಿಸಬೇಕಿತ್ತು. ಅವರಿಗೆ ಅದು ಹೆಚ್ಚು ಗೊತ್ತಿರಲಿಲ್ಲ. ಹಡಗಿನ ಪ್ರಯಾಣದಲ್ಲೇ ಪುಸ್ತಕ ಹಿಡಿದು ಕಲಿತರು. ಪ್ರಯೋಗಾಲಯದಲ್ಲಿ ಸಾಕಷ್ಟು ಉಪಕರಣಗಳಿರಲಿಲ್ಲ. ಉಪಕರಣ ತಯಾರಿಸುವವರ ಬಳಿ ಕೆಲಸ ಕಲಿತು ತಾವೇ ಮಾಡಿಕೊಂಡರು. ಮಗ ಲಾರೆನ್ಸ್ ಬಿದ್ದು ಮೊಳಕೈಗೆ ಪೆಟ್ಟಾದಾಗ ಕ್ಷ-ಕಿರಣದ ಚಿತ್ರವನ್ನೂ ತೆಗೆದರು.

ಬ್ರಾಗ್ ದೊಡ್ಡ ಸಂಶೋಧನೆಗೆ ಕೈಹಾಕಿದ್ದು ನಲವತ್ತು ದಾಟಿದ ಮೇಲೆ! 1904ರಲ್ಲಿ ಅವರು ರಿಚರ್ಡ್ ಕ್ಲೀಮನ್ ಜೊತೆ ರೇಡಿಯಂನಿಂದ ಹೊಮ್ಮುವ ಆಲ್ಫಾ ಕಣಗಳನ್ನು ಅಭ್ಯಸಿಸಿದರು. ಈ ಕಣ ಗಾಳಿಯಲ್ಲಿ ನಿರ್ದಿಷ್ಟ ದೂರ ಸಾಗಿ ನಿಲ್ಲುತ್ತದೆ. ವೇಗ ಕುಗ್ಗಿದಂತೆ ಅದು ದಾರಿಯ ಪರಮಾಣುಗಳಿಗೆ ಹೆಚ್ಚು ಹೆಚ್ಚು ಶಕ್ತಿ ಕೊಡುತ್ತದೆ. ನಿಲ್ಲುವ ಮುನ್ನ ಕೊಡುವುದು ಅತಿ ಹೆಚ್ಚು. ಇದಕ್ಕೆ 'ಬ್ರಾಗ್ ಶೃಂಗ' ಎಂದು ಹೆಸರು.

1915ರಲ್ಲಿ ಹರಳುಗಳ ರಚನೆಯ ಅಧ್ಯಯನಕ್ಕಾಗಿ ತಂದೆ-ಮಗ ಇಬ್ಬರೂ ನೊಬೆಲ್ ಬಹುಮಾನ ಹಂಚಿಕೊಂಡರು. ಮಕ್ಕಳಿಗೆ ವಿಜ್ಞಾನ ಹೇಳುವುದೆಂದರೆ ಬ್ರಾಗ್‌ರಿಗೆ ಬಲು ಇಷ್ಟ. 1942ರ ಮಾರ್ಚ್‌ನಲ್ಲಿ ಅವರು ನಿಧನರಾದರು.

ಪ್ರೋಟಾನ್‌ಗಳೂ ಹೀಗೆಯೇ ವರ್ತಿಸುತ್ತವೆ. ಅವುಗಳಿಂದ ಕ್ಯಾನ್ಸರ್ ಗಡ್ಡೆಯನ್ನು ನಾಶಮಾಡಬಹುದೆಂದು 1946ರಲ್ಲಿ ರಾಬರ್ಟ್ ವಿಲ್ಸನ್ ಸೂಚಿಸಿದರು. 1954ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ದೊರೆಯಿತು. ಕ್ಷ-ಕಿರಣ ಗಡ್ಡೆಯನ್ನು ದಾಟಿ ಆಚೆಗೂ ಹೋಗುತ್ತದೆ. ಅಲ್ಲಿನ ಒಳ್ಳೆಯ ಜೀವಕೋಶಗಳಿಗೂ ಪೆಟ್ಟು ತಗಲಬಹುದು. ಪ್ರೋಟಾನ್ ಗಡ್ಡೆಯಲ್ಲೇ ನಿಲ್ಲುವಂತೆ ಮಾಡಬಹುದು. ಬೆಳೆಯುವ ಮಕ್ಕಳಿಗೆ, ಮಿದುಳು, ಬೆನ್ನುಹುರಿ, ಕಣ್ಣುಗಳ ಬಳಿಯ ಗಡ್ಡೆಗಳಿಗೆ ಇದು ದೊಡ್ಡ ಲಾಭ.

ಹಾಗಾದರೆ ಎಲ್ಲರಿಗೂ ಇದನ್ನೇ ಕೊಡಬಹುದಲ್ಲವೇ? ಪ್ರೋಟಾನ್‌ಗಳನ್ನು ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಕಿಲೋಮೀಟರ್ ವೇಗದಲ್ಲಿ ಓಡಿಸುವ ಯಂತ್ರ, ದಪ್ಪ ಕಾಂಕ್ರೀಟ್ ಗೋಡೆಗಳು ಬೇಕು. ಒಂದು ಕೇಂದ್ರಕ್ಕೆ ನೂರಾರು ಕೋಟಿ ರೂಪಾಯಿ ತಗಲುತ್ತದೆ. ಆ ಹಣದಲ್ಲಿ ಹಲವು ಊರುಗಳಲ್ಲಿ ಕ್ಷ-ಕಿರಣ ಚಿಕಿತ್ಸೆಯ ಯಂತ್ರ ಇಡಬಹುದು. ಭಾರತದಲ್ಲಿ ಈ ಚಿಕಿತ್ಸೆ ಚೆನ್ನೈಯಲ್ಲಿ 2019ರಲ್ಲಿ, ನವಿ ಮುಂಬಯಿಯಲ್ಲಿ 2023ರಲ್ಲಿ ಆರಂಭವಾಯಿತು. ತೋರಣಗಲ್ಲಿನವರು ಅಲ್ಲಿಗೆ ಹೋದರೆ ವಾರಗಟ್ಟಲೆ ಉಳಿಯಬೇಕು. ಮನೆಯವರ ಕೂಲಿಯೂ ತಪ್ಪುತ್ತದೆ. ಬೇರೆ ಹಲವು ಕ್ಯಾನ್ಸರ್‌ಗಳಿಗೆ ಕ್ಷ-ಕಿರಣವೇ ಒಳ್ಳೆಯ ಫಲ ಕೊಡುತ್ತದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಅದು ದೊರೆಯುತ್ತದೆ.

ಆದ್ದರಿಂದ ವೈದ್ಯರು ಯಂತ್ರದ ಬೆಲೆಯನ್ನಲ್ಲ, ರೋಗಿಯ ಅಗತ್ಯವನ್ನು ನೋಡುತ್ತಾರೆ. ಗಡ್ಡೆ ಎಲ್ಲಿದೆ? ರೋಗಿಯ ವಯಸ್ಸೆಷ್ಟು? ಪ್ರೋಟಾನ್‌ನಿಂದ ನಿಜವಾಗಿ ಹೆಚ್ಚು ಲಾಭವಿದೆಯೇ?

ಮಕ್ಕಳೇ, ಒಂದು ಪ್ರೋಟಾನ್ ಕೇಂದ್ರವೋ, ಹತ್ತಾರು ಊರುಗಳಿಗೆ ಕ್ಷ-ಕಿರಣ ಯಂತ್ರಗಳೋ? ನೀವಾಗಿದ್ದರೆ ಯಾವುದನ್ನು ಮೊದಲು ಆರಿಸುತ್ತಿದ್ದಿರಿ? ಏಕೆ? ತರಗತಿಯಲ್ಲಿ ಚರ್ಚಿಸಿ.