ಮರಳಿನಿಂದ ಮರಳಿದವನು

ಕನ್ನಡದಲ್ಲಿ ಮರಳು ಎಂಬ ಮಾತಿಗೆ ಎರಡು ಅರ್ಥಗಳುಂಟು. ಹೊಳೆಯ ದಂಡೆಯಲ್ಲಿಯೂ ಮರುಭೂಮಿಯಲ್ಲಿಯೂ ಹರಡಿ ಬಿದ್ದಿರುವ ಮಳಲು ಒಂದು. ಹೋದವನು ಹಿಂದಿರುಗಿ ಬರುವುದು ಇನ್ನೊಂದು. ಈ ಎರಡು ಅರ್ಥಗಳೂ ಒಬ್ಬ ಮನುಷ್ಯನ ಬಾಳಿನಲ್ಲಿ ಹೆಣೆದುಕೊಂಡ ಕಥೆಯಿದು. ಫ್ರಾನ್ಸಿನ ಥಿಯೆರಿ ಸಬೀನ್ 1977ರಲ್ಲಿ ಮೋಟಾರುಸೈಕಲ್ಲಿನ ಮೇಲೆ ಸಹಾರದ ಮರಳಿಗಿಳಿದು, ದಾರಿ ತಪ್ಪಿ, ಸಾವಿನ ಹೊಸ್ತಿಲನ್ನು ಕಂಡು ಮರಳಿದನು. ಬದುಕಿದೆನಲ್ಲಾ ಎಂದು ಮನೆಯಲ್ಲಿ ಕುಳಿತಿದ್ದರೆ ಅವನ ಹೆಸರನ್ನು ಇಂದು ಯಾರೂ ಎತ್ತುತ್ತಿರಲಿಲ್ಲ. ಅವನು ಅದೇ ಮರಳಿಗೆ ಮತ್ತೆ ಮರಳಿದನು. ಒಬ್ಬನೇ ಅಲ್ಲ, ನೂರಾರು ಜನರನ್ನು ಕಟ್ಟಿಕೊಂಡು. ಪ್ಯಾರಿಸ್–ಡಕಾರ್ ಎಂದು ಹೆಸರಾದ ಮಹಾಪಂದ್ಯ ಹುಟ್ಟಿದ್ದು ಹೀಗೆ.

ಸಬೀನ್ 1949ರ ಜೂನ್ 13ರಂದು ಪ್ಯಾರಿಸ್ಸಿಗೆ ಹೊಂದಿಕೊಂಡ ನಯ್ಯಿ ಪಟ್ಟಣದಲ್ಲಿ ಜನಿಸಿದನು. ಯಂತ್ರವಾಹನಗಳ ಪಂದ್ಯಗಳೆಂದರೆ ಅವನಿಗೆ ಮೊದಲಿನಿಂದಲೂ ಗೀಳು. ಸ್ವತಃ ಓಡಿಸುವುದರಲ್ಲಿ ಎಷ್ಟು ಆಸೆಯೋ, ಓಟಗಳನ್ನು ಏರ್ಪಡಿಸುವುದರಲ್ಲಿಯೂ ಅಷ್ಟೇ ಆಸೆ. ಫ್ರಾನ್ಸಿನ ಉತ್ತರ ಕರಾವಳಿಯಲ್ಲಿ ಲ ತುಕೆ ಎಂಬ ವಿಹಾರಪಟ್ಟಣವಿದೆ. ಬೇಸಗೆಯಲ್ಲಿ ಜನ ತುಂಬಿ ತುಳುಕುವ ಆ ಊರು ಚಳಿಗಾಲದಲ್ಲಿ ಬಿಕೋ ಎನ್ನುತ್ತಿತ್ತು. ಅಲ್ಲಿನ ಕಡಲ ದಂಡೆಯ ಮೇಲೆ, ಮರಳುದಿಬ್ಬಗಳ ನಡುವೆ, 1975ರಲ್ಲಿ ಅವನು ಮೋಟಾರುಸೈಕಲ್ಲುಗಳ ದೀರ್ಘ ಓಟವೊಂದನ್ನು ನಡೆಸಿದನು. ಮರಳಿನೊಡನೆ ಅವನ ನಂಟು ಬೆಳೆದದ್ದು ಈ ತೀರದಲ್ಲಿ.

ಆದರೆ ಕಡಲ ತೀರದ ಮರಳಿಗೆ ಒಂದು ಅಂಚುಂಟು, ಸಹಾರಕ್ಕೆ ಅದಿಲ್ಲ. ಐವರಿ ಕೋಸ್ಟಿನ ಅಬಿಜಾನ್ ನಗರದಿಂದ ಫ್ರಾನ್ಸಿನ ನೀಸ್‌ವರೆಗೆ ನಡೆದ ಪಂದ್ಯವೊಂದರಲ್ಲಿ ಅವನು ಒಂದೇ ಸಿಲಿಂಡರಿನ ಯಮಹಾ ಎಕ್ಸ್‌ಟಿ 500 ಏರಿ ಹೊರಟನು. 1977ರ ಜನವರಿಯಲ್ಲಿ, ನೈಜರ್ ಮತ್ತು ಲಿಬಿಯ ದೇಶಗಳ ಗಡಿಯ ಕಡೆ, ಅವನಿಗೆ ದಾರಿ ತಪ್ಪಿತು. ನೆರಳಿಲ್ಲ, ನೀರಿಲ್ಲ, ಹಗಲು ಸುಡುವ ಬಿಸಿಲು, ಇರುಳು ಎಲುಬು ಕೊರೆಯುವ ಚಳಿ. ಎತ್ತ ನೋಡಿದರೂ ಒಂದೇ ಬಗೆಯ ದಿಗಂತ. ಇನ್ನು ಮುಗಿಯಿತು ಎನ್ನುವ ಹೊತ್ತಿಗೆ, ಹುಡುಕುತ್ತ ಬಂದ ವಿಮಾನದವರ ಕಣ್ಣಿಗೆ ಬಿದ್ದು ಅವನು ಬದುಕಿದನು.

ಇಂಥ ಅನುಭವದಿಂದ ಕೆಲವರು ಜೀವಮಾನದ ಭಯವನ್ನು ಹೊತ್ತು ತರುತ್ತಾರೆ. ಸಬೀನ್ ತಂದದ್ದು ಒಂದು ಹಂಬಲವನ್ನು. ತಾನು ಕಂಡದ್ದನ್ನು ಇತರರೂ ಕಾಣಬೇಕು; ಅದೂ ವೃತ್ತಿನಿರತ ಓಟಗಾರರು ಮಾತ್ರವಲ್ಲ, ಮನಸ್ಸಿದ್ದ ಸಾಮಾನ್ಯರೂ ಕಾಣಬೇಕು ಎಂಬುದು ಅವನ ಸಂಕಲ್ಪವಾಯಿತು. 1978ರ ಡಿಸೆಂಬರ್ 26ರಂದು ಪ್ಯಾರಿಸ್ಸಿನ ಟ್ರೊಕಾದೆರೊ ಚೌಕದಿಂದ 182 ವಾಹನಗಳು ಹೊರಟವು. ಮೋಟಾರುಸೈಕಲ್ಲು, ಕಾರು, ಲಾರಿ ಎಲ್ಲವೂ ಒಂದೇ ಹಿಂಡಿನಲ್ಲಿ. ಸುಮಾರು 10,000 ಕಿಲೋಮೀಟರ್ ದೂರದ ಸೆನೆಗಾಲಿನ ಡಕಾರ್ ನಗರವನ್ನು ತಲುಪಿದವು 74 ಮಾತ್ರ. ಎಲ್ಲರಿಗಿಂತ ಮುಂದೆ ಬಂದವನು ಸಿರಿಲ್ ನವ್ಯೂ ಎಂಬ 22 ವರ್ಷದ ತರುಣ. ಅವನು ಏರಿದ್ದುದೂ ಸಬೀನನನ್ನು ಮರುಭೂಮಿಗೆ ಹೊತ್ತೊಯ್ದ ಬಗೆಯ ಯಮಹಾ ಬಂಡಿಯನ್ನೇ.

ಕಾರುಗಳನ್ನೂ ಹಿಂದೆ ಹಾಕಿ ಒಂದು ಮೋಟಾರುಸೈಕಲ್ಲು ಗೆದ್ದುದು ಹೇಗೆ? ಇದನ್ನು ತಿಳಿಯಬೇಕಾದರೆ ಮರಳಿನ ಸವಾರಿಯ ವಿದ್ಯೆಯನ್ನು ಕೊಂಚ ವಿಚಾರಿಸಬೇಕು. ಟಾರು ರಸ್ತೆಯಲ್ಲಿ ಕಲಿತ ಬುದ್ಧಿ ಇಲ್ಲಿ ಕೈಕೊಡುತ್ತದೆ. ಅಂಜಿದ ಸವಾರನು ಕುಳಿತಲ್ಲೇ ಮುದುಡುತ್ತಾನೆ, ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾನೆ, ಮುಂದಿನ ಬ್ರೇಕನ್ನು ಒತ್ತುತ್ತಾನೆ. ಮರಳಿನಲ್ಲಿ ಈ ಮೂರೂ ತಪ್ಪು. ಭಾರ ಮುಂದಕ್ಕೆ ಬಿದ್ದೊಡನೆ ಮುಂಗಾಲಿ ನೇಗಿಲಿನಂತೆ ನೆಲವನ್ನು ಉತ್ತು ಹೂತುಕೊಳ್ಳುತ್ತದೆ. ಬಲ್ಲವನು ಕಾಲಿಡುವ ಮೆಟ್ಟಿಲುಗಳ ಮೇಲೆ ಎದ್ದು ನಿಲ್ಲುತ್ತಾನೆ. ಮೊಣಕಾಲುಗಳಿಂದ ಪೆಟ್ರೋಲ್ ಟ್ಯಾಂಕನ್ನು ಅವುಚಿ, ಕೈಗಳನ್ನು ಸಡಿಲವಾಗಿಟ್ಟು, ಮೈಭಾರವನ್ನು ತುಸು ಹಿಂದಕ್ಕೆ ಹಾಕಿ, ಎಂಜಿನ್ನಿನ ಎಳೆತ ಕಡಿಯದಂತೆ ನೋಡಿಕೊಳ್ಳುತ್ತಾನೆ. ಬಂಡಿ ಅತ್ತಿತ್ತ ತೂರಾಡಿದರೆ ತೂರಾಡಗೊಡುತ್ತಾನೆ. ದೃಷ್ಟಿ ಮಾತ್ರ ಕಾಲಬುಡದಲ್ಲಿರದೆ ದೂರದಲ್ಲಿ ನೆಟ್ಟಿರಬೇಕು. ಟೈರಿನ ಗಾಳಿಯನ್ನು ಕಡಮೆ ಮಾಡಿದರೆ ಅದು ಅಗಲವಾಗಿ ಹರಡಿ, ಒಂಟೆಯ ಪಾದದಂತೆ, ಹೂಳದೆ ಸಾಗುತ್ತದೆ.

ನೆಲವನ್ನು ಓದುವುದು ಇದಕ್ಕಿಂತಲೂ ದೊಡ್ಡ ವಿದ್ಯೆ. ಗಾಳಿ ಬೀಸುವ ಮಗ್ಗುಲಿನಲ್ಲಿ ಮರಳುದಿಬ್ಬದ ಏರು ಇಳಿಜಾರಾಗಿ, ಗಟ್ಟಿಯಾಗಿರುತ್ತದೆ. ಆಚೆಯ ಮಗ್ಗುಲು ಕಡಿದಾಗಿ, ಮೆತ್ತಗಿರುತ್ತದೆ. ಏರುವುದಕ್ಕೆ ವೇಗ ಬೇಕು. ಆದರೆ ಅದೇ ವೇಗದಲ್ಲಿ ನೆತ್ತಿಯನ್ನು ದಾಟಿದವನು ಆಚೆಯ ಪ್ರಪಾತಕ್ಕೆ ಹಾರಿದಂತೆಯೇ ಸರಿ. ನೆತ್ತಿಯ ಮೇಲೆ ಒಂದು ಕ್ಷಣ ತಡೆದು ನೋಡುವುದನ್ನು ಕಲಿತವನೇ ಸವಾರ. ಇಡೀ ಪಂದ್ಯದ ನೀತಿಯೂ ಇಷ್ಟೇ. ದಿಕ್ಸೂಚಿಯನ್ನು ನಂಬಬೇಕು, ಮುಂದೆ ಹೋದವರ ಚಕ್ರದ ಗುರುತನ್ನು ನಂಬಬಾರದು, ಏಕೆಂದರೆ ಅವರೂ ದಾರಿ ತಪ್ಪಿರಬಹುದು.

ಈ ಪಂದ್ಯ ವಾಹನಗಳನ್ನು ಕಟ್ಟುವವರಿಗೂ ಪಾಠ ಕಲಿಸಿತು. ಭಾರವಾದ ರಸ್ತೆಬಂಡಿ ಮರಳಿಗೆ ಒಗ್ಗದು. ಹಗುರವಾದ ಓಟದ ಬಂಡಿಯಲ್ಲಿ ದೂರಕ್ಕೆ ಸಾಲುವಷ್ಟು ಪೆಟ್ರೋಲು ಹಿಡಿಸದು. ಎರಡರ ಗುಣವನ್ನೂ ಕೂಡಿಸಿ ಬಿಎಂಡಬ್ಲ್ಯು ಸಂಸ್ಥೆಯವರು 1980ರಲ್ಲಿ ಆರ್ 80 ಜಿ/ಎಸ್ ಬಂಡಿಯನ್ನು ಹೊರತಂದರು. ಮರುವರ್ಷವೇ ಅದರ ಮೇಲೆ ಯೂಬೆರ್ ಒರಿಯೊಲ್ ಡಕಾರನ್ನು ಗೆದ್ದನು. 1983ರಲ್ಲಿ ಯಮಹಾದವರು 30 ಲೀಟರ್ ಪೆಟ್ರೋಲು ಹಿಡಿಯುವ ಟ್ಯಾಂಕಿನ ಬಂಡಿಗೆ ತೆನೆರೆ ಎಂದು ಹೆಸರಿಟ್ಟರು. ತೆನೆರೆ ಎಂದರೆ ಅಲ್ಲಿನ ತುವಾರೆಗ್ ಜನರ ನುಡಿಯಲ್ಲಿ ಮರುಭೂಮಿ. ಇಂದು ಲಡಾಖಿನ ಕಣಿವೆಗಳಿಗೆ ನಮ್ಮ ತರುಣರು ಏರಿ ಹೋಗುವ ಎತ್ತರದ ಸಾಹಸಬಂಡಿಗಳ ವಂಶವೃಕ್ಷ ಈ ಮರಳಿನಲ್ಲಿಯೇ ಬೇರೂರಿದೆ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಚರಿತ್ರೆ ಅರ್ಧವಾಗುತ್ತದೆ. ಮೊದಲನೆಯ ಪಂದ್ಯದಲ್ಲಿಯೇ ಒಬ್ಬ ಸವಾರನು ನೈಜರಿನ ಅಗದೆಜ್ ಬಳಿ ಮೃತನಾದನು. 1982ರಲ್ಲಿ ಬ್ರಿಟನ್ನಿನ ಪ್ರಧಾನಿಯ ಮಗ ಮಾರ್ಕ್ ಥ್ಯಾಚರ್ ಆರು ದಿನ ಕಾಣೆಯಾಗಿ ಜಗತ್ತೇ ಗಾಬರಿಗೊಂಡಿತು. 1983ರಲ್ಲಿ ತೆನೆರೆಯ ಮರಳುಗಾಳಿಯಲ್ಲಿ ನಲವತ್ತರಷ್ಟು ಮಂದಿ ದಿಕ್ಕುಗೆಟ್ಟರು. ಸವಾರನೇನೋ ಅಪಾಯವನ್ನು ತಿಳಿದು, ಒಪ್ಪಿ ಬಂದವನು. ಆದರೆ ಓಟದ ದಾರಿಯಲ್ಲಿ ಹಳ್ಳಿಗಳಿದ್ದುವು; ಬಾವಿಗೆ ಹೋಗುವ ಹೆಂಗಸರಿದ್ದರು, ಧೂಳೆಬ್ಬಿಸುವ ಬಂಡಿಗಳನ್ನು ನೋಡಲು ಓಡಿಬರುವ ಮಕ್ಕಳಿದ್ದರು. ಅವರು ಯಾವ ಪತ್ರಕ್ಕೂ ರುಜು ಹಾಕಿರಲಿಲ್ಲ. ಸಬೀನ್ ಕಾಲವಾದ ಮೇಲೆ, 1988ರ ಪಂದ್ಯದಲ್ಲಿ, ಅಂಥವರೂ ಪ್ರಾಣ ತೆತ್ತರು. ಉಳ್ಳವರ ಸಾಹಸಕ್ಕೆ ಇಲ್ಲದವರ ಅಂಗಳವೇ ಬೇಕೆ ಎಂದು ಕೇಳಿದವರ ಪ್ರಶ್ನೆ ನ್ಯಾಯವಾದುದು. ಸಬೀನನ ಅಭಿಮಾನಿಗಳೂ ಅದನ್ನು ತಳ್ಳಿಹಾಕುವಂತಿಲ್ಲ.

ಆ ನೆಲದ ಋಣ ಸಬೀನನ ಮನಸ್ಸಿಗೂ ತಟ್ಟಿರಬೇಕು. 1986ರ ಪಂದ್ಯದೊಡನೆ ಆಫ್ರಿಕದ ಹಳ್ಳಿಗಳಿಗೆ ನೀರೆತ್ತುವ ಪಂಪುಗಳನ್ನು ಒದಗಿಸುವ ಕಾರ್ಯವೂ ಸೇರಿತು. ಅದರ ಹೊಣೆ ಹೊತ್ತು ಫ್ರಾನ್ಸಿನ ಪ್ರಸಿದ್ಧ ಗಾಯಕ ದಾನಿಯೆಲ್ ಬಾಲವ್ವಾನ್ ಬಂದಿದ್ದನು. ಜನವರಿ 14ರಂದು ಮಾಲಿ ದೇಶದಲ್ಲಿ ಇಬ್ಬರೂ ಒಂದೇ ಹೆಲಿಕಾಪ್ಟರಿನಲ್ಲಿ ಹೊರಟರು. ಕತ್ತಲು ಕವಿದಿತ್ತು, ಮರಳುಗಾಳಿ ಎದ್ದಿತ್ತು. ಗೂರ್ಮಾ ರಾರೂಸ್ ಬಳಿ ಹೆಲಿಕಾಪ್ಟರು ನೆಲಕ್ಕೆ ಅಪ್ಪಳಿಸಿ, ಅದರಲ್ಲಿದ್ದ ಐವರೂ ಮಡಿದರು. ಸಬೀನನಿಗೆ ಆಗ 36 ವರ್ಷ. ನೆತ್ತಿಯ ಮೇಲೆ ತಡೆದು ನೋಡಬೇಕೆಂಬ ಮರಳಿನ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಆ ಸಂಜೆ ತಡೆಯಲಿಲ್ಲ. ಅವನ ಚಿತಾಭಸ್ಮವನ್ನು ತೆನೆರೆಯ ಒಂಟಿ ಮರವೊಂದರ ಬಳಿ ಮರಳಿಗೇ ಒಪ್ಪಿಸಿದರು. ಆ ಮರ ಇಂದಿಗೂ ಅವನ ಹೆಸರನ್ನೇ ಹೊತ್ತಿದೆ.

ಪಂದ್ಯ ನಿಲ್ಲಲಿಲ್ಲ. ಭದ್ರತೆಯ ಭಯದಿಂದ 2008ರಲ್ಲಿ ರದ್ದಾದ ಅದು ಮರುವರ್ಷ ದಕ್ಷಿಣ ಅಮೆರಿಕಕ್ಕೆ ಹೋಯಿತು. 2020ರಲ್ಲಿ ಅರೇಬಿಯದ ಮರಳಿಗೆ ಸ್ಥಳಾಂತರಗೊಂಡಿತು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಅದನ್ನು ಓಡಿ ಮುಗಿಸಿದ ಮೊದಲ ಭಾರತೀಯ ಸವಾರರಾದರು. 36ನೆಯ ಸ್ಥಾನ ಅವರದಾಯಿತು. 2021ರಲ್ಲಿ ಅದೇ ಪಂದ್ಯದಲ್ಲಿ ಬಿದ್ದು ತಲೆಗೆ ತೀವ್ರವಾದ ಪೆಟ್ಟು ತಿಂದರೂ ಚೇತರಿಸಿಕೊಂಡು ಮನೆಗೆ ಮರಳಿದರು.

ಹೋಗುವುದು ಸಾಹಸ, ಹೋದ ನೆಲದ ಜನರನ್ನು ನೋಯಿಸದೆ ಮರಳಿ ಬರುವುದು ವಿದ್ಯೆ. ಸಬೀನ್ ಮೊದಲನೆಯದನ್ನು ಸಾವಿರಾರು ಮಂದಿಗೆ ಕಲಿಸಿದನು. ಎರಡನೆಯದನ್ನು ಅರಿಯತೊಡಗಿದ್ದ ಹೊತ್ತಿನಲ್ಲಿಯೇ ಹೊರಟುಹೋದನು. ಉಳಿದ ಪಾಠ ಅವನ ಹಿಂದೆ ಬಂಡಿಯೇರಿದವರಿಗೆ ಸೇರಿದುದು.