ಕಾಣದ ತೂಕ ಕಂಡ ಜ್ವಿಕಿ

ಫ್ರಿಟ್ಜ್ ಜ್ವಿಕಿ ಹುಟ್ಟಿದ್ದು 1898ರಲ್ಲಿ, ಬಲ್ಗೇರಿಯಾದ ವಾರ್ನಾದಲ್ಲಿ. ಓದಿದ್ದು ಸ್ವಿಟ್ಜರ್ಲೆಂಡಿನಲ್ಲಿ. 1925ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸೇರಿದರು. ಬುದ್ಧಿ ಎಷ್ಟು ಚುರುಕೋ ಕೋಪವೂ ಅಷ್ಟೇ ಚುರುಕು.

1933ರಲ್ಲಿ ಅವರು ಕೋಮಾ ಗೆಲಾಕ್ಸಿ ಗುಂಪಿನ ಲೆಕ್ಕಕ್ಕೆ ಕೂತರು. ಅಲ್ಲಿನ ಗೆಲಾಕ್ಸಿಗಳು ಸೆಕೆಂಡಿಗೆ ಸುಮಾರು 1000 ಕಿ.ಮೀ. ವೇಗದಲ್ಲಿ ಓಡಾಡ್ತಿದ್ವು. ಆ ಸ್ಪೀಡಿಗೆ ಗುಂಪು ಯಾವತ್ತೋ ಚದುರಿ ಹೋಗಬೇಕಿತ್ತು. ಹೋಗಿಲ್ಲ ಅಂದ್ರೆ ಹಿಡಿದಿಟ್ಟಿರೋದು ಏನು? ವೈರಿಯಲ್ ಪ್ರಮೇಯ ಹಾಕಿ ನೋಡಿದರೆ, ಕಾಣುವ ವಸ್ತುವಿನ 400 ಪಟ್ಟು ಬೇಕು! ಆ ಕಾಣದ ವಸ್ತುವಿಗೆ ಅವರು ಡಾರ್ಕ್ ಮ್ಯಾಟರ್ ಎಂಬರ್ಥದ ಜರ್ಮನ್ ಹೆಸರು ಕೊಟ್ಟರು. ಬಹಳ ಜನ ಕಿವಿಗೇ ಹಾಕಿಕೊಳ್ಳಲಿಲ್ಲ.

1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿ ತಿರುಗುವ ವೇಗ ಅಳೆದರು. ಬೆಳಕು ಕಮ್ಮಿಯಾಗುವ ಹೊರಭಾಗದಲ್ಲೂ ವೇಗ ಅಷ್ಟಾಗಿ ಇಳಿಯಲಿಲ್ಲ. 1974ರ ಫೆಬ್ರವರಿಯಲ್ಲಿ ಜ್ವಿಕಿ ತೀರಿಕೊಂಡರು. ಅದೇ ವರ್ಷ ಆಸ್ಟ್ರೈಕರ್, ಪೀಬಲ್ಸ್, ಯಾಹಿಲ್ ಲೆಕ್ಕ ಹಾಕಿ, ಗೆಲಾಕ್ಸಿಗಳ ತೂಕವನ್ನು ನಾವು 10 ಪಟ್ಟಾದರೂ ಕಮ್ಮಿ ಅಂದಾಜು ಮಾಡಿರಬಹುದು ಎಂದರು. 1978ರಲ್ಲಿ ವೈಟ್ ಮತ್ತು ರೀಸ್ ಇನ್ನೊಂದು ಹೆಜ್ಜೆ ಇಟ್ಟರು: ಮೊದಲು ಡಾರ್ಕ್ ಮ್ಯಾಟರ್ ಮುದ್ದೆಗಟ್ಟಿ ಹೇಲೋ ಆಗುತ್ತೆ, ಅದರೊಳಗೆ ಅನಿಲ ತಣ್ಣಗಾಗಿ ನಡುವಿಗೆ ಇಳಿದು ನಕ್ಷತ್ರಗಳಾಗುತ್ತೆ. ಚಿಕ್ಕ ಹೇಲೋಗಳು ಸೇರಿ ದೊಡ್ಡದಾಗುತ್ತವೆ, ಒಳಗಿನ ಗೆಲಾಕ್ಸಿಗಳೂ ಬೆಳೆಯುತ್ತವೆ.

ಜ್ವಿಕಿಯ 400 ಈಗ ಉಳಿದಿಲ್ಲ. ಅವರು ಬಳಸಿದ ದೂರದ ಅಳತೆಯೇ ತಪ್ಪಿತ್ತು, ಗುಂಪಿನೊಳಗಿನ ಬಿಸಿ ಅನಿಲ ಆಗ ಗೊತ್ತಿರಲಿಲ್ಲ. ಆದರೆ ಎಲ್ಲ ತಿದ್ದಿದ ಮೇಲೂ ಕೊರತೆ ಹಾಗೇ ಇದೆ. ಲ್ಯಾಬಲ್ಲಿ ರೀಡಿಂಗ್ ಟ್ಯಾಲಿ ಆಗ್ಲಿಲ್ಲ ಅಂತ ರಬ್ಬರ್ ಎತ್ತಿಕೊಳ್ಳೋ ಮುಂಚೆ ಈ ಮುಂಗೋಪಿಯನ್ನ ಒಮ್ಮೆ ನೆನೆಸಿಕೊಳ್ಳಿ.