ಪ್ರಥಮ ಚಿಕಿತ್ಸೆಯನ್ನು ಜನರ ಕೈಗಿತ್ತ ಎಸ್ಮಾರ್ಕ್

ದಾವಣಗೆರೆಯ ಕೆ.ಬಿ. ಬಡಾವಣೆಯ ನಿವಾಸಿಗಳಿಗೆ ವೈದ್ಯರಾಗಲಿ, ಔಷಧಿ ಅಂಗಡಿಯಾಗಲಿ ದೂರವಲ್ಲ. ಆದರೂ ಅಡುಗೆಮನೆಯಲ್ಲಿ ಈಳಿಗೆಮಣೆ ತಾಗಿ ಕೈ ಕೊಯ್ದಾಗ, ಹರಿಹರದ ದಾರಿಯಲ್ಲಿ ಸ್ಕೂಟರ್ ಜಾರಿದಾಗ, ಮೊದಲ ಕೆಲವು ನಿಮಿಷ ಗಾಯಾಳುವಿನ ಬಳಿ ಇರುವವರು ಮನೆಯವರು ಇಲ್ಲವೇ ದಾರಿಹೋಕರು ಮಾತ್ರ. ಆ ಕೆಲವೇ ನಿಮಿಷಗಳ ಮಹತ್ವವನ್ನು ಜಗತ್ತಿಗೆ ಮನಗಾಣಿಸಿದವರಲ್ಲಿ ಪ್ರಮುಖರು ಜರ್ಮನಿಯ ಶಸ್ತ್ರವೈದ್ಯ ಫ್ರೆಡ್ರಿಕ್ ಫಾನ್ ಎಸ್ಮಾರ್ಕ್.

ಎಸ್ಮಾರ್ಕ್ ಜನಿಸಿದ್ದು 1823ರ ಜನವರಿ 9ರಂದು, ಉತ್ತರ ಸಮುದ್ರದ ತೀರಕ್ಕೆ ಸಮೀಪದ ಟೊನಿಂಗ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆಯೂ ವೈದ್ಯರು. ಕೀಲ್ ಮತ್ತು ಗಟಿಂಗೆನ್ ವಿಶ್ವವಿದ್ಯಾಲಯಗಳಲ್ಲಿ ವೈದ್ಯಶಾಸ್ತ್ರ ಅಭ್ಯಸಿಸಿದ ಅವರು, ಇನ್ನೂ ಇಪ್ಪತ್ತೈದರ ತರುಣರಾಗಿದ್ದಾಗಲೇ ಯುದ್ಧಭೂಮಿಯನ್ನು ಕಂಡರು. 1848ರಲ್ಲಿ ಡೆನ್ಮಾರ್ಕ್ ವಿರುದ್ಧ ನಡೆದ ಸಮರದಲ್ಲಿ ಸೆರೆಯಾಳಾಗಿ, ಬಳಿಕ ಬಿಡುಗಡೆಗೊಂಡರು. 1857ರಲ್ಲಿ ಕೀಲ್‌ನ ಶಸ್ತ್ರಚಿಕಿತ್ಸಾ ವಿಭಾಗದ ಹೊಣೆ ಹೊತ್ತ ಮೇಲೂ ಯುದ್ಧಗಳು ಅವರನ್ನು ಬಿಡಲಿಲ್ಲ. 1864, 1866 ಮತ್ತು 1870ರ ಸಮರಗಳಲ್ಲಿ ಗಾಯಾಳು ಸೈನಿಕರ ಶುಶ್ರೂಷೆಗೆ ದುಡಿದರು.

ಈ ಅನುಭವ ಅವರಿಗೆ ಕಲಿಸಿದ ಪಾಠ ಒಂದೇ. ಆಸ್ಪತ್ರೆ ತಲುಪುವ ಮೊದಲು ಗಾಯಕ್ಕೆ ಆಗುವ ಉಪಚಾರವೇ ಎಷ್ಟೋ ವೇಳೆ ಸಾವು-ಬದುಕನ್ನು ತೀರ್ಮಾನಿಸುತ್ತದೆ. ರಣರಂಗದಲ್ಲಿ ಕಟ್ಟುವ ಮೊದಲ ಪಟ್ಟಿಯ ಬಗ್ಗೆ ಅವರು 1869ರಲ್ಲಿ ಪುಸ್ತಕ ಪ್ರಕಟಿಸಿದರು. ತ್ರಿಕೋನಾಕಾರದ ಬಟ್ಟೆಯ ಪಟ್ಟಿಯನ್ನು ಬಳಕೆಗೆ ತಂದರು. ಆ ಕಲ್ಪನೆ ಸ್ವಿಟ್ಜರ್ಲೆಂಡಿನ ವೈದ್ಯ ಮಥಿಯಾಸ್ ಮೇಯರ್ ಅವರದು. ಅದನ್ನು ಮನೆಮಾತಾಗಿಸಿದ್ದು ಎಸ್ಮಾರ್ಕ್. ತಲೆಗೆ, ತೋಳಿಗೆ, ಕಾಲಿಗೆ ಹೇಗೆ ಕಟ್ಟಬೇಕೆಂಬ ಚಿತ್ರಗಳನ್ನು ಬಟ್ಟೆಯ ಮೇಲೆಯೇ ಮುದ್ರಿಸಿದ್ದು ಅವರ ಜಾಣ್ಮೆ. ಓದು ಬಾರದ ಸೈನಿಕನೂ ಚಿತ್ರ ನೋಡಿ ಕಟ್ಟಬಹುದಿತ್ತು.

1873ರಲ್ಲಿ ಅವರು ಇನ್ನೊಂದು ವಿಧಾನವನ್ನು ಲೋಕಕ್ಕೆ ತಿಳಿಸಿದರು. ಕೈಕಾಲಿಗೆ ರಬ್ಬರ್ ಪಟ್ಟಿ ಬಿಗಿಯಾಗಿ ಸುತ್ತಿ ರಕ್ತವನ್ನು ಹಿಂದೆ ಸರಿಸಿ, ರಕ್ತನಷ್ಟವಿಲ್ಲದೆ ಶಸ್ತ್ರಚಿಕಿತ್ಸೆ ನಡೆಸುವ ಕ್ರಮವದು. ಮೂಳೆ ಶಸ್ತ್ರಚಿಕಿತ್ಸಕರು ಇಂದಿಗೂ ಆ ಪಟ್ಟಿಯನ್ನು ಎಸ್ಮಾರ್ಕ್ ಹೆಸರಿನಿಂದಲೇ ಕರೆಯುತ್ತಾರೆ. ಪ್ಯಾಂಟಿನ ಭುಜಪಟ್ಟಿಯನ್ನೇ ತುರ್ತಿನಲ್ಲಿ ರಕ್ತಸ್ರಾವ ತಡೆಯುವ ಕಟ್ಟಾಗಿ ಬಳಸುವಂತೆಯೂ ಅವರು ರೂಪಿಸಿದ್ದರು. ಸಲಕರಣೆ ಮೈಮೇಲೆಯೇ ಇರಬೇಕೆಂಬುದು ಅವರ ಆಶಯ.

ಅವರ ಬದುಕಿನ ತಿರುವು 1881ರಲ್ಲಿ ಬಂತು. ವೈದ್ಯಕೀಯ ಸಮ್ಮೇಳನಕ್ಕೆಂದು ಲಂಡನ್‌ಗೆ ತೆರಳಿದ್ದ ಅವರು, ಅಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆ ಜನಸಾಮಾನ್ಯರಿಗೆ ನೀಡುತ್ತಿದ್ದ ತರಬೇತಿಯನ್ನು ಕಂಡರು. ಊರಿಗೆ ಮರಳಿದವರೇ 1882ರಲ್ಲಿ ಕೀಲ್‌ನಲ್ಲಿ ಸಮಾರಿಟನ್ ಶಾಲೆ ತೆರೆದು ಸಾರ್ವಜನಿಕರಿಗೆ ಪಾಠ ಆರಂಭಿಸಿದರು. ಸಹೋದ್ಯೋಗಿ ವೈದ್ಯರಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಅರೆಬರೆ ಕಲಿತವರು ನಕಲಿ ವೈದ್ಯರಾಗಿಬಿಡುತ್ತಾರೆಂಬ ಆಕ್ಷೇಪ ಎದ್ದಿತು. ಎಸ್ಮಾರ್ಕ್ ಹಿಂಜರಿಯಲಿಲ್ಲ. ವೈದ್ಯರು ಬರುವವರೆಗೆ ಮಾತ್ರ ನೆರವು, ಅನಂತರ ಪಕ್ಕಕ್ಕೆ ಸರಿಯಬೇಕು ಎಂಬ ಗೆರೆಯನ್ನು ಸ್ಪಷ್ಟವಾಗಿ ಎಳೆದು ಪಾಠ ಮುಂದುವರಿಸಿದರು. ಆ ಉಪನ್ಯಾಸಗಳನ್ನು ವಿಕ್ಟೋರಿಯಾ ರಾಣಿಯ ಪುತ್ರಿ ಹೆಲೆನಾ ಇಂಗ್ಲಿಷಿಗೆ ಅನುವಾದಿಸಿದರು.

1887ರಲ್ಲಿ ಎಸ್ಮಾರ್ಕ್ ಅವರಿಗೆ ಕುಲೀನ ಪದವಿ ಸಂದಿತು. 1908ರ ಫೆಬ್ರವರಿ 23ರಂದು, 85ನೇ ವಯಸ್ಸಿನಲ್ಲಿ, ಕೀಲ್‌ನಲ್ಲಿಯೇ ಅವರು ನಿಧನರಾದರು.

ಅವರು ಬಿತ್ತಿದ ವಿಚಾರ ನಮ್ಮ ನೆಲವನ್ನೂ ಮುಟ್ಟಿತು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆ, ಪ್ರತಿ 150 ಕಾರ್ಮಿಕರಿಗೆ ಕನಿಷ್ಠ ಒಂದು ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರಬೇಕೆಂದು ವಿಧಿಸಿತು. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯಂಥ ಊರಿಗೆ ಈ ನಿಯಮ ಸಣ್ಣದಲ್ಲ. ಪೆಟ್ಟಿಗೆಯ ಹೊಣೆ ತರಬೇತಿ ಪಡೆದವರ ಕೈಯಲ್ಲೇ ಇರಬೇಕೆಂಬುದೂ ಆ ಕಾಯ್ದೆಯ ಷರತ್ತಾಗಿತ್ತು. ಎಸ್ಮಾರ್ಕ್ ಅವರ ಬೋಧನೆಯ ಸಾರವೂ ಅದೇ: ಪೆಟ್ಟಿಗೆಯೊಂದೇ ಸಾಲದು, ಅದನ್ನು ಬಳಸಬಲ್ಲ ಕೈಯೂ ಬೇಕು.

ಗಿರಣಿಗೆ ಬೇಕಾದದ್ದು ಮನೆಗೂ ಬೇಕು. ಶುದ್ಧೀಕರಿಸಿದ ಗಾಜ್ ಬಟ್ಟೆ, ಸುತ್ತುವ ಬ್ಯಾಂಡೇಜ್, ತ್ರಿಕೋನ ಪಟ್ಟಿ, ಅಂಟುಪಟ್ಟಿ, ಕತ್ತರಿ, ಕೈಗವಸು, ನಂಜುನಿರೋಧಕ ದ್ರಾವಣ, ಓಆರ್‌ಎಸ್ ಪೊಟ್ಟಣ, ಜ್ವರದ ಮಾತ್ರೆ ಇಷ್ಟಿದ್ದರೆ ಪೆಟ್ಟಿಗೆ ಸಿದ್ಧ. ಪ್ರವಾಸದ ಚೀಲದಲ್ಲಿ ಇವುಗಳ ಜತೆ ನಿತ್ಯ ಸೇವಿಸುವ ಔಷಧಿ ಹಾಗೂ ವೈದ್ಯರ ಚೀಟಿಯೂ ಇರಲಿ. ಅವಧಿ ಮುಗಿದ ಔಷಧಿಯನ್ನು ಆಗಾಗ ತೆಗೆದುಹಾಕಬೇಕು. ರಕ್ತ ಹರಿಯುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಬೇಕು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಕಾಫಿಪುಡಿ ಸಲ್ಲದು; ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯುವುದೇ ಸರಿ.

2008ರಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆಯಿಂದ ರಾಜ್ಯದಲ್ಲಿ ನೆರವು ಹತ್ತಿರವಾಗಿದೆ. ಆದರೆ ಕರೆ ಮಾಡಿದ ಕ್ಷಣಕ್ಕೂ ವಾಹನ ಬಾಗಿಲಿಗೆ ಬರುವ ಕ್ಷಣಕ್ಕೂ ನಡುವೆ ಒಂದಿಷ್ಟು ಹೊತ್ತು ಉಳಿದೇ ಉಳಿಯುತ್ತದೆ. ಎಸ್ಮಾರ್ಕ್ ಪಾಠ ಹೇಳಿದ್ದು ಆ ಹೊತ್ತಿಗಾಗಿಯೇ.